ಒಳಗಿನ ಫೋಟೊ

ಸಾಯಿರಾ ಮುನ್ನೂರನೆಯ ಫೋಟೊದಲ್ಲಿ ಮದುಮಗನ ಹಣೆಯ ಬೆವರು ಅಳಿಸುತ್ತಿದ್ದಾಗ ಕುಕ್ಕರ್ ಮೂರನೆಯ ಸೀಟಿ ಹೊಡೆಯಿತು. ಅದೇ ಕೊನೆಯ ಫೋಟೊ. ಅವಸರದಲ್ಲಿ ಚಿಂಚಲಿ ಮದುವೆಯ ಫೋಲ್ಡರನ್ನು ಎಳೆದು, ತೆರೆಯ ಮೇಲಿದ್ದ ‘ಅಂಗಡಿ’ ಎಂಬ ಹೆಸರಿನ ಮೇಲೆ ಬಿಟ್ಟು, ಒಲೆ ಆರಿಸಲು ಎದ್ದಳು.

ಹಾರೂಗೇರಿಯ ಆ ಮನೆಯ ಮುಂದಿನ ಕೋಣೆ ಗಂಡ ಆಸಿಮನ ಸ್ಟುಡಿಯೊ; ಅಲ್ಲಿನ ಕಂಪ್ಯೂಟರಿನ ಹೆಸರೇ ‘ಅಂಗಡಿ’. ಅಡುಗೆಮನೆ ಪಕ್ಕದ ಕಂಪ್ಯೂಟರ್ ಅವಳದು. ಎರಡೂ ಹಳೆಯವು, ಎರಡರಲ್ಲೂ ಲಿನಕ್ಸ್. ಹೋದ ವಾರದವರೆಗೆ ನಡುವೆ ಪೆನ್‌ಡ್ರೈವ್ ಓಡಾಡುತ್ತಿತ್ತು. ಮೈದುನ ಜುನೇದ ಬಂದು ಎರಡಕ್ಕೂ ಒಂದು ಪ್ರೋಗ್ರಾಂ ಹಾಕಿ, ಒಂದೇ ಗುಟ್ಟಿನ ಪದ ಕೊಟ್ಟ. ಮನೆಯ ವೈಫೈಯಲ್ಲೇ ಒಂದಕ್ಕೊಂದು ಕಾಣತೊಡಗಿದವು. ಇತ್ತ ಕಳಿಸಿದ್ದನ್ನು ಅತ್ತ ಒಪ್ಪಿ ಬಟನ್ ಒತ್ತಿದರೆ ಆಯಿತು.

ಮೆಹಂದಿಯ ದಿನ ಹೆಂಗಸರ ಫೋಟೊ ತೆಗೆಯುವವಳು ಸಾಯಿರಾ. ಅವನ್ನು ಅವಳು ಆಸಿಮನಿಗೆ ಕೊಡುವ ಪೆನ್‌ಡ್ರೈವಿಗೆ ಹಾಕುತ್ತಿರಲಿಲ್ಲ. ಶುಕ್ರವಾರ ಅವನು ನಮಾಜಿಗೆ ಹೋದಾಗ ತಾನೇ ಬೇರೆಯಾಗಿ ಒಯ್ದು, ಅಂಗಡಿಯಲ್ಲಿ ಪ್ರಿಂಟ್ ತೆಗೆದು, ಅಲ್ಲಿಂದ ಅಳಿಸಿ ಬರುತ್ತಿದ್ದಳು. ಚಿಂಚಲಿಯ ಮದುಮಗಳ ತಾಯಿ ಜನ್ನತಬಿ, ಸೆರಗು ಜಾರಿದ್ದೂ ಮರೆತು ಕುಣಿದು ದಣಿದವಳು, ಅವಳ ಕೈ ಹಿಡಿದು ಹೇಳಿದ್ದಳು: “ನೀ ಅದಿ ಅಂತ ಕುಣದೀನವ್ವಾ. ಈ ಫೋಟೊ ಗಂಡಸರ ಕಣ್ಣಿಗೆ ಬೀಳಬಾರದ ನೋಡ.”

ಮುಂದಿನ ಕೋಣೆಯಿಂದ ಆಸಿಮನ ದನಿ ಬಂತು. “ಐದನೂರಾ ನಲವತ್ತ ಅಂತ ತೋರಸಾಕತ್ತೈತಿ. ತಗೋಳ್ಳೇನ?”

ಕಳಿಸಬೇಕಾದ್ದು ಮುನ್ನೂರು. ಹೆಂಗಸರ ಫೋಲ್ಡರು ಆ ಮದುವೆಯ ಫೋಲ್ಡರಿನ ಒಳಗೇ ಇತ್ತು. ಸೌಟು ಹಿಡಿದೇ ತನ್ನ ಕಂಪ್ಯೂಟರಿಗೆ ಓಡಿ ಬಂದು ಕಳಿಸುವುದನ್ನು ರದ್ದು ಮಾಡಿದಳು.

“ತಡೀರಿ, ಆರಸೂದ ಉಳದೈತಿ.”

“ಅದರಾಗ ಏನ ಬಂಗಾರ ಮುಚ್ಚಿಟ್ಟಿ?” ಅವನು ನಕ್ಕ. ಪ್ರತಿಸಲ ಒತ್ತುವುದು ಬೇಸರ, ಕೇಳದೆಯೇ ಎಲ್ಲ ಬಂದು ಬೀಳುವ ಹಾಗೆ ಸಂಜೆ ಮಾಡಿಡುತ್ತೇನೆ, ಜುನೇದ ತೋರಿಸಿಕೊಟ್ಟಿದ್ದಾನೆ ಎಂದ.

ಜನ್ನತಬಿಯ ಮಾತನ್ನು ಅವನಿಗೆ ಹೇಳಬಹುದಿತ್ತು. ಹಿಂದೊಮ್ಮೆ ಬೇರೆ ಮನೆಯವರ ಮಾತು ಹೇಳಿದಾಗ, “ಫೋಟೊದವನ ಕಣ್ಣ, ಡಾಕ್ಟರ ಕಣ್ಣ ಎರಡೂ ಒಂದ” ಎಂದಿದ್ದ. ಅವನ ಕಣ್ಣಿನ ಬಗ್ಗೆ ಅವಳಿಗೂ ಅನುಮಾನವಿರಲಿಲ್ಲ. ಆದರೆ ಜನ್ನತಬಿ ಹಿಡಿದದ್ದು ಅವನ ಕೈಯಲ್ಲ.

ಮುನ್ನೂರನ್ನು ಬೇರೆ ಮಾಡಿ ಕಳಿಸಿದಳು. ಆತ ಒಪ್ಪಿದ, ಗೆರೆ ತುಂಬುತ್ತ ಹೋಗಿ ಮುಗಿಯಿತು. ಒಳಗಿನ ಫೋಟೊಗಳೆಲ್ಲ ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಇವೆಯೇ ಎಂದು ಎರಡು ಸಲ ನೋಡಿ, ಕಂಪ್ಯೂಟರಿನಿಂದ ಅಳಿಸಿದಳು. ಕಾರ್ಡು ಹೊಲಿಗೆ ಡಬ್ಬಿಯ ದಾರದುಂಡೆಗಳ ಕೆಳಗೆ ಹೋಯಿತು. ಸಂಜೆಯಿಂದ ಕೈ ತಪ್ಪಿದರೆ ತಡೆಯಲು ಹೊತ್ತಿರುವುದಿಲ್ಲ. ಹೆಂಗಸರ ಫೋಟೊ ಇನ್ನು ಮೇಲೆ ಈ ಕಂಪ್ಯೂಟರಿಗೆ ಇಳಿಯುವುದಿಲ್ಲ. ಕಾರ್ಡಿನಿಂದಲೇ ಪ್ರಿಂಟು, ಅದೂ ಶುಕ್ರವಾರ.

ಇವತ್ತು ಬುಧವಾರ. ಅವಳು ಬೇಳೆ ಕಡೆಯಲು ಒಳಗೆ ಹೋದಳು.