ಅಂತೆ

ವಾರವಿಡೀ ಪರರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಭಾನುವಾರ ಬಂತೆಂದರೆ ಪರರಿಗೆ ತಾನೇ ಬಾಯಿ. ಅವನ ಕ್ರೈಸ್ತ ಸಭೆಗೆ ಬೇರೆ ಭಾಷೆಯ ಬೋಧಕರು ಯಾರೇ ಬರಲಿ, ಪಕ್ಕದಲ್ಲಿ ಎರಡನೆಯ ಮೈಕು ಹಿಡಿದು ನಿಂತು ವಾಕ್ಯವಾಕ್ಯವನ್ನೂ ತರ್ಜುಮೆ ಮಾಡುವವನು ಅವನೇ. ಬೋಧಕರು ‘ನಾನು’ ಅಂದರೆ ಅವನೂ ‘ನಾನು’ ಅನ್ನಬೇಕು. ಹಾಗೆ ಅವನು ಕುರುಡನಾಗಿ ಕಣ್ಣು ಪಡೆದಿದ್ದ, ಜೈಲಿಗೆ ಹೋಗಿ ಬಂದಿದ್ದ, ಒಮ್ಮೆ ಯಾರೋ ಸಹೋದರಿ ದೇವರ ಕೃಪೆಗೆ ಸಾಕ್ಷಿ ಹೇಳುವಾಗ ಪಕ್ಕದಲ್ಲಿ ನಿಂತು ಅವಳಿ ಮಕ್ಕಳನ್ನೂ ಹೆತ್ತಿದ್ದ. ಸಭೆಯವರು ಅವನನ್ನು ‘ಬಾಯಿ’ ಎಂದೇ ಕರೆಯುತ್ತಿದ್ದರು.

ಆ ಭಾನುವಾರ ಅತ್ತೆಯ ಕೈಹಿಡಿದು ಮೆಟ್ಟಿಲು ಹತ್ತಿ ಸಭಾಂಗಣಕ್ಕೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟ. ಕರ್ತನ ಭೋಜನದ ಮೇಜನ್ನು ವೇದಿಕೆಯಿಂದ ಕೆಳಗಿಳಿಸಿ ಶೌಚಾಲಯದ ಬಾಗಿಲಿನ ಪಕ್ಕಕ್ಕೆ ದಬ್ಬಿದ್ದರು. ರೊಟ್ಟಿ, ದ್ರಾಕ್ಷಾರಸ ಇರಬೇಕಾದ ಕಡೆ ಒಂದು ರಾಜಕೀಯ ಪಕ್ಷದ ಟೋಪಿಗಳ ರಾಶಿ. ವೇದಿಕೆಯ ಪರದೆಗೂ ಅದೇ ಬಣ್ಣ. ಹಾಡುವ ತಂಡದವರು, ಸಿನಿಮಾದಲ್ಲಿ ನಾಯಕಿ ಒದ್ದೆ ಬಟ್ಟೆಯಲ್ಲಿ ಕುಣಿದ ಧಾಟಿಗೆ ನಾಲ್ಕು ಹಲ್ಲೆಲೂಯಾ ತುರುಕಿ ಮೈಮರೆತು ಅರಚುತ್ತಿದ್ದರು. ಗೋಡೆಗೆ ದೊಡ್ಡ ಬಿಳಿ ಪರದೆ ಕಟ್ಟಿದ್ದರು. ಆರಾಧನೆ ಬೇಗ ಮುಗಿಸಿ ಎಲ್ಲರೂ ಕೂತು ಫುಟ್‌ಬಾಲ್ ಫೈನಲ್ ಪಂದ್ಯ ನೋಡುವುದಂತೆ. ಕರ್ತನ ಭೋಜನ ಮುಂದಿನ ವಾರಕ್ಕೆ ಹೋಗಿತ್ತು. ದೇವರು ಕಾಯುತ್ತಾನೆ, ಪಂದ್ಯ ಕಾಯುತ್ತದೆಯೇ?

ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದ ಭಾನುವಾರಗಳಲ್ಲಿ ಅವರ ಜವಾಬ್ದಾರಿ ಅವನದೇ. ಅವನನ್ನು ಕ್ರಿಸ್ತನ ವಿಶ್ವಾಸಕ್ಕೆ ತಂದವರೇ ಅವರು. ಈಗ ಕಣ್ಣು ಮಂಜಾಗಿ ಬೈಬಲಿನ ಅಕ್ಷರ ಕಾಣುತ್ತಿರಲಿಲ್ಲ, ಅಳಿಯನ ದನಿಯಲ್ಲಿ ಬಂದದ್ದೇ ಅವರಿಗೆ ದೇವರ ವಾಕ್ಯ. ಒಮ್ಮೆ ಒಬ್ಬ ಸಿನಿಮಾ ನಟ ಬಂದು, ಬಣ್ಣದ ಲೋಕವೇ ಸೈತಾನನ ಅಂಗಡಿ, ನಾನದನ್ನು ಒದ್ದು ಬಂದೆ ಎಂದು ಅತ್ತಿದ್ದ. ಬಾಯಿಯೂ ಜೊತೆಗೆ ದನಿ ನಡುಗಿಸಿ ಅತ್ತಿದ್ದ. ಅತ್ತೆ ಅಂದೇ ಕೈಯೆತ್ತಿ ಪ್ರತಿಜ್ಞೆ ಮಾಡಿ, ಪ್ರಾಣಕ್ಕಿಂತ ಹೆಚ್ಚಾಗಿದ್ದ ಧಾರಾವಾಹಿಯನ್ನು ಮದುವೆಯ ದೃಶ್ಯದ ನಡುವಿನಲ್ಲೇ ಬಿಟ್ಟರು. ನಟ ಕೆಲವೇ ತಿಂಗಳಲ್ಲಿ ಮದ್ಯದ ಜಾಹೀರಾತಿನಲ್ಲಿ ಹಲ್ಲು ಕಿರಿದ. ಅತ್ತೆ ಮಾತ್ರ ಟಿವಿಯ ಕಡೆ ತಲೆ ಹಾಕಲಿಲ್ಲ. ನಟನಿಗೆ ಕೊಟ್ಟ ಮಾತಾಗಿದ್ದರೆ ಮುರಿಯಬಹುದಿತ್ತು, ಅದು ದೇವರಿಗೆ ಕೊಟ್ಟದ್ದು.

ಅದಕ್ಕೇ ಅವನಿಗೆ ಇಂದು ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಇಂದಿನ ಅತಿಥಿ ಚುನಾವಣೆಗೆ ನಿಂತಿದ್ದ, ಇಲ್ಲಿಯ ಭಾಷೆ ಬಾರದ ಹಳೆಯ ಫುಟ್‌ಬಾಲ್ ಆಟಗಾರ. ಕೊನೆಯಲ್ಲಿ ಪ್ರತಿಜ್ಞೆ ಇದೆ ಎಂದು ಪಾಸ್ಟರ್ ಮೊದಲೇ ಕಿವಿಯಲ್ಲಿ ಊದಿದ್ದರು. ಜನ ಬಲಗೈ ಎತ್ತಿ, ದೇವರ ಹೆಸರಿನಲ್ಲಿ, ಇವನಿಗೇ ಓಟು ಹಾಕುತ್ತೇವೆ ಎನ್ನಬೇಕು. ಇದು ಸಭೆಯೋ, ಪ್ರಚಾರದ ಲಾರಿಯೋ ಎಂದು ಅವನು ಕೇಳಿಯೇಬಿಟ್ಟ. ಪಾಸ್ಟರ್ ಬೆನ್ನು ತಟ್ಟಿದರು.

“ನೀನು ಬರೀ ಬಾಯಿ, ಬ್ರದರ್. ಅವರು ಹೇಳಿದ್ದನ್ನ ಹೇಳು, ಸಾಕು. ನಮ್ಮ ಸಭೆಯ ಹೊಸ ಕಟ್ಟಡಕ್ಕೆ ಅವರಿಂದ ಪರ್ಮಿಷನ್ ಬೇಕೋ ಬೇಡವೋ?”

ಆಟಗಾರ ವೇದಿಕೆ ಹತ್ತಿದ್ದೇ ತಡ, ಸೂರು ಕಿತ್ತುಹೋಗುವಂತೆ ಚಪ್ಪಾಳೆ. ಆತನ ಹಲ್ಲುಗಳು ಪಿಂಗಾಣಿಯಂತೆ ಹೊಳೆದವು. ಒಂದೂ ಹುಟ್ಟಿದ ಹಲ್ಲಲ್ಲ ಎಂದು ‘ಬಾಯಿ’ಗೆ ನೋಡಿದೊಡನೆ ಗೊತ್ತಾಯಿತು. ತಪ್ಪೇನಿಲ್ಲ, ಅವನ ಅನ್ನವೇ ಅದು. ಹೇಸಿಗೆ ಹುಟ್ಟಿಸಿದ್ದು ಆತನ ಮಾತು. ಹಿಂದೆ ನಾನು ಆಡಿದ ಆ ಪ್ರಸಿದ್ಧ ಪಂದ್ಯದಲ್ಲಿ ಎದುರಾಳಿ ಒದ್ದು ನನ್ನ ಕಾಲು ಮುರಿಯಿತು, ಬಿದ್ದಲ್ಲೇ ಪ್ರಾರ್ಥಿಸಿದೆ, ಕರ್ತನು ಎಬ್ಬಿಸಿದನು, ಎದ್ದು ಪೆನಾಲ್ಟಿ ಹೊಡೆದು ಗೆದ್ದೆ ಎಂದು ಆತ ಕೈಯಾಡಿಸಿ ವರ್ಣಿಸಿದ. ಯಾರ ಕಾಲೂ ತಾಕದೆ ಆತ ತಾನಾಗಿಯೇ ಬಿದ್ದು ಹೊರಳಾಡಿದ್ದನ್ನು ಊರಿಗೆ ಊರೇ ಟಿವಿಯಲ್ಲಿ ನೋಡಿತ್ತು. ಈ ಸಭೆಯವರೂ ನೋಡಿ, ಅಂದು ವಾಚಾಮಗೋಚರ ಬೈದಿದ್ದರು. ಈಗ ಅವರೇ ಕಣ್ಣೊರೆಸಿಕೊಂಡು ‘ಸ್ತೋತ್ರ’ ಅನ್ನುತ್ತಿದ್ದರು. ಬಾಯಿ ನಾಲಿಗೆ ಕಚ್ಚಿಕೊಂಡು, ನಾನು ಬಿದ್ದೆ, ಕರ್ತನು ನನ್ನನ್ನು ಎಬ್ಬಿಸಿದನು ಎಂದು ತರ್ಜುಮೆ ಮಾಡಿದ. ಬೇರೆಯವರ ಎಂಜಲು ನುಂಗಿದಷ್ಟು ಅಸಹ್ಯವಾಯಿತು.

ಆತ ದನಿ ತಗ್ಗಿಸಿ ಕಣ್ಣು ಮುಚ್ಚಿದ. ಪ್ರತಿಜ್ಞೆಯ ಹೊತ್ತು ಬಂತೆಂದು ಬಾಯಿಗೆ ತಿಳಿಯಿತು. ದೇವರು ನನ್ನೊಡನೆ ಮಾತನಾಡಿದರು, ಆತ ಹೇಳಿದ. ಚುನಾವಣೆಗೆ ನಿಲ್ಲು ಅಂದರು. ನನಗೆ ಹಾಕುವ ಓಟು ಕರ್ತನಿಗೇ ಹಾಕುವ ಓಟು. ಕೈಯೆತ್ತಿ.

ಅತ್ತೆಗೆ ಆ ಭಾಷೆ ಬಾರದು. ಆದರೂ ಕಾತರದಿಂದ ಬಲಗೈಯನ್ನು ಮಡಿಲಿನಿಂದ ತೆಗೆದು ಸಿದ್ಧವಾಗಿ ಕೂತಿದ್ದರು. ಅಳಿಯನ ದನಿ ಬರುವುದಷ್ಟೇ ಬಾಕಿ. ಆ ಕೈ ಮೇಲೆ ಹೋಯಿತೆಂದರೆ ಜೀವ ಇರುವವರೆಗೂ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ದೇವರು ಇವರ ಹತ್ತಿರ ಮಾತಾಡಿದರಂತೆ,” ಎಂದ ಬಾಯಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಚುನಾವಣೆಗೆ ನಿಲ್ಲು ಅಂದರಂತೆ. ಇವರಿಗೆ ಹಾಕಿದ ಓಟು ಕರ್ತನಿಗೇ ಹಾಕಿದ ಹಾಗಂತೆ.”

ನಗು ಸಭಾಂಗಣದ ತುಂಬ ಹರಡಿತು. ಆಟಗಾರನಿಗೆ ಏನೂ ಅರ್ಥವಾಗದೆ, ತನ್ನ ಮಾತು ಚೆನ್ನಾಗಿ ಹತ್ತಿದೆ ಎಂದುಕೊಂಡು ಪಿಂಗಾಣಿ ಹಲ್ಲೆಲ್ಲ ತೋರಿಸಿ ನಕ್ಕ. ಅತ್ತೆ ಮಾತ್ರ ನಗಲಿಲ್ಲ. ಎತ್ತಿದ ಕೈ ಎದೆಯ ಮಟ್ಟದಲ್ಲೇ ನಿಂತಿತ್ತು. ನಗು ಅಡಗಿದಾಗ ಅವರ ದನಿ ಎಲ್ಲರಿಗೂ ಕೇಳಿಸಿತು.

“ಅಂತೆಯೋ, ಹೌದೋ? ಸರಿಯಾಗಿ ಹೇಳಿ ಅಳಿಯಂದಿರೇ.”

“ಅಂತೆ, ಅತ್ತೆ.”

ಕೈ ಮಡಿಲಿಗೆ ಇಳಿಯಿತು. ಪಾಸ್ಟರ್ ಧಡಧಡನೆ ಬಂದು ಮೈಕು ಕಿತ್ತುಕೊಂಡರು, ಸಹೋದರನಿಗೆ ಹುಷಾರಿಲ್ಲ ಎಂದರು, ತಾವೇ ‘ನಾನು’ ಆಗಿ ಎಲ್ಲವನ್ನೂ ಮೊದಲಿನಿಂದ ಗಟ್ಟಿಯಾಗಿ ಹೇಳಿದರು. ಈಗ ತಾನೇ ನಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈಯೆತ್ತಿದರು. ಎಷ್ಟು ಸಲೀಸಾಗಿ ಎತ್ತಿದರು! ನಕ್ಕದ್ದಕ್ಕೂ ಎತ್ತಿದ್ದಕ್ಕೂ ಅವರಿಗೆ ಸಂಬಂಧವೇ ಇದ್ದಂತಿರಲಿಲ್ಲ. ಬಾಯಿ ಕೆಳಗಿಳಿದು ಬಂದು ಅತ್ತೆಯ ಪಕ್ಕದಲ್ಲಿ ಕುಸಿದು ಕೂತ. ಇನ್ನು ಮುಂದೆ ತನಗೆ ಆ ಮೈಕು ಸಿಗುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೆ ಬೇಸರವೂ ಆಗಲಿಲ್ಲ. ಒಬ್ಬರನ್ನಾದರೂ ಉಳಿಸಿಕೊಂಡೆ ಎಂಬ ಸಮಾಧಾನವಿತ್ತು.

ಟೋಪಿ ಹಂಚಿದರು. ದೀಪ ಆರಿಸಿ ಪಂದ್ಯ ಹಾಕಿದರು. ಪ್ರಾರ್ಥನೆಗೆ ಎದ್ದು ನಿಲ್ಲಲು ಮಂಡಿ ನೋವು ಎನ್ನುತ್ತಿದ್ದವರೆಲ್ಲ ಚೆಂಡು ಉರುಳಿದೊಡನೆ ಕುರ್ಚಿಯ ಮೇಲೆ ಹತ್ತಿ ನಿಂತರು. ಮನೆಗೆ ಹೋಗೋಣವೇ ಎಂದು ಅವನು ಕೇಳಿದ. ಅತ್ತೆ ಏಳಲಿಲ್ಲ. ಗದ್ದಲದಲ್ಲಿ ಅವನಿಗೆ ಕೇಳಿಸಲಿ ಎಂದು ಅವನ ಕಡೆ ಬಾಗಿದರು.

“ಇಷ್ಟು ವರ್ಷ ನೀವು ಅಲ್ಲಿ ನಿಂತು ಹೇಳಿದ್ದಕ್ಕೆಲ್ಲಾ ನಾನು ಆಮೆನ್ ಅಂದಿದ್ದೀನಿ,” ಎಂದರು. “ಅದರಲ್ಲಿ ಯಾವುದು ಯಾವುದು ಅಂತೆ? ಅದನ್ನೂ ಹೇಳಿಬಿಡಿ.”

ಅವನು ಬಾಯಿ ತೆರೆದ. ತಾನು ಅಳಿಸಿದವರೆಲ್ಲ, ತಾನು ಕೈಯೆತ್ತಿಸಿದವರೆಲ್ಲ ನೆನಪಿಗೆ ಬಂದರು. ಯಾವುದನ್ನು ನಂಬಿ ಹೇಳಿದ್ದೆ, ಯಾವುದನ್ನು ಬರೀ ಹೇಳಿದ್ದೆ ಎಂದು ಅವನಿಗೇ ಗೊತ್ತಿರಲಿಲ್ಲ. ಅತ್ತೆ ಕಿವಿಯನ್ನು ಅವನ ಕಡೆಗೇ ಇಟ್ಟುಕೊಂಡು ಕಾಯುತ್ತಿದ್ದರು.