ಅಹ್ಮದ್ ಕುಂಞಿ ಪಬ್ಬಿನೊಳಗೆ ಹೋದ ಸಂಜೆ

ಪ್ರತಿ ವರ್ಷ ಚಳಿ ಶುರುವಾದ ಮೇಲೆ ಒಂದು ಭಾನುವಾರ ದುಬೈ ಕಾಲುವೆಯ ದಂಡೆಯಲ್ಲಿ ಒಟ್ಟಿಗೆ ನಡೆಯಲು ಹೋಗುವುದು ಆ ಎರಡು ಸಂಸಾರಗಳ ವಾಡಿಕೆ. ಅಲ್ ಕುಸೈಸಿನ ಹಳೆಯ ಕಟ್ಟಡವೊಂದರಲ್ಲಿ ಅವರದು ಎದುರುಬದುರು ಬಾಗಿಲು. ಅಹ್ಮದ್ ಕುಂಞಿ ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನ, ದೇರಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟವನು. ಫೆಲಿಕ್ಸ್ ಕಿನ್ನಿಗೋಳಿಯವನು, ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಅವನ ಹೆಂಡತಿ ಮಾರ್ಟಿನಾ ನರ್ಸ್. ಅವರ ಮಗಳು ಪರ್ಲ್, ಅಹ್ಮದ್ ಕುಂಞಿಯ ಮಗಳು ಮುಬೀನ, ಇಬ್ಬರೂ ಒಂದೇ ಸ್ಕೂಲ್ ಬಸ್ಸಿನವರು. ಗಂಡಸರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರೇ ಅಲ್ಲ. ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಅಹ್ಮದ್ ಕುಂಞಿಗೆ ಅವನು ಪೊರ್ಬು, ಅವನಿಗೆ ಇವನು ಬ್ಯಾರಿ.

ನಡಿಗೆಯ ಅರ್ಧ ದಾರಿಯಲ್ಲಿ ಒಂದು ಹೋಟೆಲು, ಅದರ ಕೆಳಗಿನ ಅಂತಸ್ತಿನಲ್ಲಿ ನೀರಿಗೆ ಮುಖ ಮಾಡಿದ ಪಬ್ಬು. ಫೆಲಿಕ್ಸ್ ಅಲ್ಲಿ ಒಂದು ಗ್ಲಾಸು ಬಿಯರ್ ಕುಡಿಯುತ್ತಿದ್ದ. ಹೊರಗಿನ ಜಗಲಿಯಲ್ಲಿ ಮಾರ್ಟಿನಾ ಮತ್ತು ಪರ್ಲ್ ಕರಿದ ಮೀನು ತಿನ್ನುತ್ತಿದ್ದರು. ಅಹ್ಮದ್ ಕುಂಞಿ, ಅವನ ಹೆಂಡತಿ ಆಮಿನ, ಮುಬೀನ ಸ್ವಲ್ಪ ಆಚೆ ಬೆಂಚಿನಲ್ಲಿ ಕೂತು ಮನೆಯಿಂದ ತಂದ ಚಹಾ ಕುಡಿಯುತ್ತಿದ್ದರು. ಒಳಗೆ ಬಾ ಎಂದು ಅವನು ಕರೆದವನಲ್ಲ, ಕುಡಿಯಬೇಡ ಎಂದು ಇವನು ಹೇಳಿದವನಲ್ಲ. ಅವರ ಸ್ನೇಹ ಬಾಳಿಕೆ ಬಂದದ್ದೇ ಹಾಗೆ.

ಆ ವರ್ಷದ ನಡಿಗೆಗೆ ಹೊರಟ ದಿನ ಬೆಳಗಿನಿಂದಲೂ ದೂಳು. ಎತ್ತರದ ಕಟ್ಟಡಗಳ ಅರ್ಧದಿಂದ ಮೇಲೆ ಏನೂ ಕಾಣುತ್ತಿರಲಿಲ್ಲ, ಕಾಲುವೆಯ ನೀರು ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಬೇರೆ ದಿನ ಹೋಗುವ ಎಂದು ಆಮಿನ ಹೇಳಿದರೂ ಫೆಲಿಕ್ಸ್ ಒಪ್ಪಲಿಲ್ಲ. ಹುಡುಗಿಯರು ಆಟದ ಸ್ಕೂಟರ್ ತಳ್ಳಿಕೊಂಡು ಮುಂದೆ ಓಡಿದರು. ಫೆಲಿಕ್ಸ್ ಎಲ್ಲರಿಗಿಂತ ಹಿಂದೆ ಉಳಿದ. ಅವನ ಪ್ಯಾಂಟು ಸೊಂಟದ ಸುತ್ತ ನೆರಿಗೆ ಬಿದ್ದು ನಿಂತಿದ್ದನ್ನು ಅಹ್ಮದ್ ಕುಂಞಿ ನೋಡಿದ. ಕೇಳಿದರೆ, ಗ್ಯಾಸ್ ಟ್ರಬಲ್ ಮಾರಾಯ, ಊಟ ಕಡಿಮೆ ಮಾಡಿದ್ದೇನೆ ಎಂದ.

ಪಬ್ಬಿನ ಹತ್ತಿರ ಬಂದಾಗ ಅವನು ಮಾರ್ಟಿನಾಳಿಗೆ, ನೀವೆಲ್ಲ ಸೇತುವೆಯವರೆಗೆ ಹೋಗಿ, ಮಕ್ಕಳಿಗೆ ನೀರು ಬೀಳುವುದು ತೋರಿಸಿ, ನಾನು ಮುಗಿಸಿ ಬರ್ತೇನೆ ಎಂದು ಹೇಳಿ ಒಳಗೆ ಹೋದ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೊರಟರು. ಅಹ್ಮದ್ ಕುಂಞಿ ಬೆಂಚಿನಲ್ಲಿ ಉಳಿದ.

ಒಂದು ಗ್ಲಾಸಿಗೆ ಎಷ್ಟು ಹೊತ್ತು ಬೇಕೆಂದು ಇಷ್ಟು ವರ್ಷ ಕಾದವನಿಗೆ ಗೊತ್ತಿತ್ತು. ಆ ಹೊತ್ತು ಯಾವಾಗಲೋ ಮೀರಿತು. ದೀಪಗಳು ಹತ್ತಿದವು, ಮುಸ್ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿತು. ಫೋನು ಮಾಡಿದರೆ ರಿಂಗಾಗಿ ನಿಂತಿತು. ಅವನು ಎದ್ದು ಪಬ್ಬಿನ ಬಾಗಿಲ ಬಳಿ ಹೋಗಿ ನಿಂತ. ಹೆಂಡ ಇಟ್ಟ ಮೇಜಿನ ಮುಂದೆ ಕೂರುವುದೂ ತಪ್ಪೇ ಎಂದು ಮದ್ರಸದಲ್ಲಿ ಕಲಿತವನು ಅವನು. ಊರಿನವರು ಯಾರಾದರೂ ನೋಡಿದರೆ ಎಂಬ ಅಳುಕೂ ಇತ್ತು. ಮನಸ್ಸಿನಲ್ಲೇ ದೇವರ ಹೆಸರೆತ್ತಿ ಬಿಸ್ಮಿ ಹೇಳಿಕೊಂಡು ಬಾಗಿಲು ತಳ್ಳಿದ.

ಒಳಗೆ ಮಬ್ಬು ಬೆಳಕು, ಹುಳಿ ವಾಸನೆ, ಗೋಡೆಯ ಟಿವಿಯಲ್ಲಿ ಫುಟ್ಬಾಲು. ಫೆಲಿಕ್ಸ್ ಮೂಲೆಯಲ್ಲಿ ಕೂತಿದ್ದ. ಎದುರಿನ ಗ್ಲಾಸು ತುಂಬಿಯೇ ಇತ್ತು, ನೊರೆ ಮಾತ್ರ ಇಳಿದಿತ್ತು.

"ಎಂತ ಪೊರ್ಬು, ಕುಡಿಲೇ ಇಲ್ಲ?"

"ಇಳಿಯುವುದಿಲ್ಲ ಬ್ಯಾರಿ."

ಅಹ್ಮದ್ ಕುಂಞಿ ಎದುರಿನ ಕುರ್ಚಿಯಲ್ಲಿ ಕೂತ. ಫೆಲಿಕ್ಸ್ ತಲೆ ಎತ್ತದೆ ಹೇಳಿದ. ಹೆಂಡತಿಯ ಆಸ್ಪತ್ರೆಗೆ ಹೋದರೆ ಗೊತ್ತಾಗುತ್ತದೆಂದು ಅಲ್ ಬರ್ಷಾದ ಕ್ಲಿನಿಕ್ಕಿಗೆ ಹೋಗಿದ್ದನಂತೆ. ಹೊಟ್ಟೆಯಲ್ಲಿ ಗಡ್ಡೆ. ಅದು ಲಿವರಿಗೂ ಹೋಗಿದೆ, ಇನ್ನು ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರಂತೆ. ಅಹ್ಮದ್ ಕುಂಞಿ ಯಾರಾದರೂ ಹೇಳುವಂಥದ್ದನ್ನೇ ಹೇಳಿದ: ಬೇರೆ ಡಾಕ್ಟರಿಗೆ ತೋರಿಸುವ, ಮಂಗಳೂರಿಗೆ ಹೋಗುವ, ದೇವರಿದ್ದಾನೆ. ಫೆಲಿಕ್ಸ್ ಎಲ್ಲದಕ್ಕೂ ತಲೆಯಾಡಿಸಿದ.

"ಮಾರ್ಟಿನಾಗೆ ನೀನು ಹೇಳು," ಎಂದ ಕೊನೆಗೆ.

"ನಾನಾ? ಅದು ನೀನೇ ಹೇಳ್ಬೇಕಾದ ಮಾತು ಮಾರಾಯ."

"ದಿನಾ ಹೇಳುವ ಅಂತ ಬಾಯಿ ತೆರೀತೇನೆ. ಅವಳು ಡ್ಯೂಟಿ ಮುಗಿಸಿ ಬಂದು ಕಾಲು ನೀವಿಕೊಳ್ಳುವುದು ನೋಡಿದರೆ ಮಾತು ಅಲ್ಲೇ ನಿಲ್ತದೆ. ಇವತ್ತು ಹೇಳುವ ಅಂತಲೇ ಬಂದದ್ದು. ಆಗಲಿಲ್ಲ. ಹೋಗು ಬ್ಯಾರಿ. ನಾನು ಇಲ್ಲೇ ಕೂತಿರ್ತೇನೆ."

ಅಹ್ಮದ್ ಕುಂಞಿ ಇನ್ನೂ ಎರಡು ಸಲ ಆಗುವುದಿಲ್ಲ ಎಂದ. ಆಮೇಲೆ ಫೆಲಿಕ್ಸನ ಕೈ ಮುಟ್ಟಿದ. ಅದು ಮೀನಿನ ಹಾಗೆ ತಣ್ಣಗಿತ್ತು. ಅವನು ಎದ್ದು ಹೊರಗೆ ಬಂದ.

ಸೇತುವೆಯ ಎರಡೂ ಬದಿಯಿಂದ ನೀರು ಬಣ್ಣದ ಬೆಳಕಿನಲ್ಲಿ ಕಾಲುವೆಗೆ ಸುರಿಯುತ್ತಿತ್ತು. ದೋಣಿಯೊಂದು ಹತ್ತಿರ ಬಂದಾಗ ಸುರಿಯುವ ನೀರು ತಾನಾಗಿ ನಿಂತಿತು, ಹುಡುಗಿಯರು ಚಪ್ಪಾಳೆ ತಟ್ಟಿದರು. ಅವನು ಬ್ಯಾರಿ ಭಾಷೆಯಲ್ಲಿ ಆಮಿನಳಿಗೆ ಮಕ್ಕಳನ್ನು ಸ್ವಲ್ಪ ಆಚೆ ಕರೆದುಕೊಂಡು ಹೋಗಲು ಹೇಳಿದ. ದಾರಿಯುದ್ದಕ್ಕೂ ಮೆತ್ತಗಿನ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಮಾರ್ಟಿನಾಳ ಎದುರು ನಿಂತಾಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಫೆಲಿಕ್ಸನಿಗೆ ಕ್ಯಾನ್ಸರ್ ಅಂತೆ," ಎಂದುಬಿಟ್ಟ.

ಮಾರ್ಟಿನಾ ಕಂಬಿ ಹಿಡಿದುಕೊಂಡಳು. ಅಳಲಿಲ್ಲ. ಎಲ್ಲಿ, ಯಾವ ಡಾಕ್ಟರು, ಲಿವರಿಗೆ ಹೋಗಿದೆಯಾ ಎಂದು ವಾರ್ಡಿನಲ್ಲಿ ಕೇಳುವ ಧಾಟಿಯಲ್ಲೇ ಕೇಳಿದಳು. ಅವನು ತನಗೆ ತಿಳಿದಷ್ಟು ಹೇಳಿದ. ಅವಳು ನೀರಿನ ಕಡೆ ಮುಖ ಮಾಡಿ, "ತೆಳ್ಳಗಾದದ್ದು ನೋಡಿದ್ದೆ. ಡಯೆಟ್ ಅಂದರು, ನಂಬಿದೆ. ನಾನು ನರ್ಸ್ ಅಹ್ಮದಣ್ಣ," ಎಂದಳು. ಆಮೇಲೆ ಅವನ ಕಡೆ ತಿರುಗಿದಳು.

"ನಿಮ್ಮ ಹತ್ರ ಹೇಳಿದರು. ನನ್ನ ಹತ್ರ ಅಲ್ಲ."

ಅವಳು ದಾಪುಗಾಲು ಹಾಕುತ್ತ ಹೋದಳು. ಪಬ್ಬಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ಕೂದಲು ಸರಿಮಾಡಿಕೊಂಡದ್ದು ಅವನಿಗೆ ದೂರದಿಂದ ಕಂಡಿತು. ಹಿಂತಿರುಗುವಾಗ ಕಾರಿನಲ್ಲಿ ಪರ್ಲ್, "ಮಮ್ಮಾ, ಆರ್ ಯು ಕ್ರೈಯಿಂಗ್?" ಎಂದು ಕೇಳಿದಳು. ದೂಳು ಮಗಾ ಎಂದಳು ಮಾರ್ಟಿನಾ.

ಕೀಮೋ ಫೆಲಿಕ್ಸನ ಮೈಗೆ ಹಿಡಿಸಲಿಲ್ಲ. ಮಾರ್ಟಿನಾಳಿಗೆ ರಜೆ ಸಿಗದ ದಿನಗಳಲ್ಲಿ ಅಹ್ಮದ್ ಕುಂಞಿಯೇ ಅಂಗಡಿ ಮುಚ್ಚಿ ಅವನನ್ನು ಆಸ್ಪತ್ರೆಗೆ ಒಯ್ದ. ಮಾರ್ಟಿನಾ ಬೇಕಾದಷ್ಟೇ ಮಾತಾಡುತ್ತಿದ್ದಳು: ಎಷ್ಟು ಹೊತ್ತಿಗೆ ಬಿಟ್ಟರು, ವಾಂತಿಯಾಯಿತಾ, ಥ್ಯಾಂಕ್ಸ್. ಈಸ್ಟರಿಗೆ ಮೊದಲೇ ಅವನನ್ನು ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಅವನು ಹೆಚ್ಚು ದಿನ ಬದುಕಲಿಲ್ಲ. ಅಹ್ಮದ್ ಕುಂಞಿ ವಿಮಾನ ಹತ್ತಿ ಹೋಗಿ, ಇಗರ್ಜಿಯ ಅಂಗಳದಲ್ಲಿ ಗಂಡಸರ ಕೊನೆಯ ಸಾಲಿನಲ್ಲಿ ನಿಂತು, ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬಂದ.

ಮಾರ್ಟಿನಾ ದುಬೈಗೆ ಮರಳಿದ ಮೇಲೆ ಎದುರಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಆಮಿನ ಕಳಿಸಿದ ಪತ್ತಿರಿ ರೊಟ್ಟಿಯ ಡಬ್ಬಿ ತೊಳೆದು ಖಾಲಿಯಾಗಿ ಹಿಂದೆ ಬರುತ್ತಿತ್ತು. ಮೊದಲೆಲ್ಲ ಆ ಡಬ್ಬಿಯಲ್ಲಿ ಸಣ್ಣ ತುಂಡು ಕೇಕಾದರೂ ಇಲ್ಲದೆ ಬಂದದ್ದಿಲ್ಲ. ಆಮಿನಳಿಗೆ ಇದು ಅರ್ಥವಾಗಲಿಲ್ಲ. ಗಂಡನಿಗೆ ಅರ್ಥವಾಗಿತ್ತು, ಆದರೆ ಅವನು ಅದನ್ನು ಆಡಿ ತೋರಿಸಲಿಲ್ಲ.

ಶಾಲೆ ಮುಗಿದ ವಾರ, ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ ಎಂದು ಮಾರ್ಟಿನಾ ಬಂದು ಹೇಳಿದಳು. ಸಾಮಾನು ಒಯ್ಯುವ ಪಿಕಪ್ ಕೆಳಗೆ ನಿಂತ ದಿನ ಅಹ್ಮದ್ ಕುಂಞಿ ಪೆಟ್ಟಿಗೆಗಳನ್ನು ಲಿಫ್ಟಿನವರೆಗೆ ಸಾಗಿಸಿದ. ಪರ್ಲ್ ಮತ್ತು ಮುಬೀನ ಮೆಟ್ಟಿಲಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ದರು. ಖಾಲಿ ಹಾಲಿನಲ್ಲಿ ಕೀಲಿ ಹಿಡಿದು ನಿಂತಿದ್ದ ಮಾರ್ಟಿನಾ ಅವನನ್ನು ಕರೆದಳು.

"ನಿಮ್ಮದು ತಪ್ಪಿಲ್ಲ ಅಹ್ಮದಣ್ಣ. ನನಗೆ ಗೊತ್ತುಂಟು," ಎಂದಳು. "ಆದರೆ ನಿಮ್ಮನ್ನು ನೋಡಿದಾಗಲೆಲ್ಲ ಸೇತುವೆ ಹತ್ರ ನೀವು ಹೇಳಿದ ಮಾತೇ ಕೇಳಿಸ್ತದೆ. ನಾನು ಎಂತ ಮಾಡ್ಲಿ? ಇನ್ನು ನೀವು ಬರುವುದು ಬೇಡ. ಫೋನೂ ಬೇಡ."

ಅವನು ಆಗಲಿ ಎಂದ. ಅವಳು ಹೊರಬಂದು ಬಾಗಿಲಿಗೆ ಕೀಲಿ ತಿರುಗಿಸಿ ಲಿಫ್ಟಿನತ್ತ ನಡೆದಳು.

ಬಾಲ್ಕನಿಯಿಂದ ಪಿಕಪ್ ತಿರುಗಿ ಹೋಗುವುದನ್ನು ನೋಡಿ ಒಳಗೆ ಬಂದ ಆಮಿನ, ಹೊರಡುವಾಗ ಮಾರ್ಟಿನಾ ಏನು ಹೇಳಿದಳು ಎಂದು ಕೇಳಿದಳು. ಅವನು ಮುಖ ತೊಳೆಯಲು ನಲ್ಲಿ ತಿರುಗಿಸಿದ.

"ಪೆರ್ನಾಲ್ ಹಬ್ಬಕ್ಕೆ ಬರ್ತೇವೆ ಅಂದರು," ಎಂದ.