ಅಬ್ದುಲ್ಲ ಬ್ಯಾರಿಯ ತಲೆ ಮತ್ತು ಆರುನೂರ ಹನ್ನೆರಡು ಜನ

ಬಂಟ್ವಾಳದ ಅಬ್ದುಲ್ಲ ಬ್ಯಾರಿಗಳು ನಲವತ್ತು ವರ್ಷ ಮದುವೆಯ ಅಡುಗೆ ಮಾಡಿದವರು. ಅವರ ಕೈಯಲ್ಲಿ ಅನ್ನ ಕಡಿಮೆ ಬಿದ್ದದ್ದೂ ಇಲ್ಲ, ಉಳಿದು ಹೊಂಡಕ್ಕೆ ಹೋದದ್ದೂ ಇಲ್ಲ. ಮದುವೆ ಮನೆಯವರು ಬಂದು ಕೂತರೆ ಅವರು ಮೊದಲು ಕೇಳುತ್ತಿದ್ದದ್ದು ಜನ ಎಷ್ಟು ಎಂದಲ್ಲ, ಹೇಳಿಕೆ, ಅಂದರೆ ಮದುವೆಯ ಕರೆ, ಎಷ್ಟು ಎಂದು. ಆಮೇಲೆ ಮದುವೆ ಹಾಲಿನ ಎದುರು ಬಸ್ಸು ನಿಲ್ಲುತ್ತದಾ, ಅದೇ ದಿನ ಊರಲ್ಲಿ ಬೇರೆ ಮದುವೆ ಎಷ್ಟುಂಟು, ಟಿವಿಯಲ್ಲಿ ಕ್ರಿಕೆಟ್ ಉಂಟಾ ಎಂದೆಲ್ಲ ವಿಚಾರಿಸಿ, ಗಡ್ಡ ನೀವಿಕೊಂಡು, ‘ಅಕ್ಕಿ ಒಂದು ಕ್ವಿಂಟಲ್, ಮೇಲೆ ಹನ್ನೊಂದು ಕಿಲೋ’ ಎನ್ನುತ್ತಿದ್ದರು. ಆ ಹನ್ನೊಂದು ಕಿಲೋ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ.

ಕೇಳಿದವಳು ಮಗಳು ಮುರ್ಶಿದಾ. ಅವಳು ಬಿ.ಸಿ. ರೋಡಿನ ಕಂಪ್ಯೂಟರ್ ಸೆಂಟರಿನಲ್ಲಿ ಟೀಚರು. ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲದಲ್ಲಿ, ಮದುವೆಗಳಿಲ್ಲದೆ ಅವಳ ಬಾಪ ಮನೆಯಲ್ಲಿ ಖಾಲಿ ಕೂತಿದ್ದಾಗ, ಅವರ ತಲೆಯಲ್ಲಿದ್ದ ಲೆಕ್ಕವನ್ನೆಲ್ಲ ಕೇಳಿ ಕೇಳಿ ಒಂದು ಪ್ರೋಗ್ರಾಂ ಬರೆದಳು. ಹೆಸರು ‘ಕೊಪ್ಪರಿಗೆ’. ಹೇಳಿಕೆ ಎಷ್ಟೆಂದು ತುಂಬಿಸಿದರೆ ಅಕ್ಕಿ, ಬೇಳೆ, ತೆಂಗಿನಕಾಯಿ ಎಲ್ಲ ಚೀಟಿಯಾಗಿ ಬರುತ್ತಿತ್ತು. ಚೀಟಿಯ ಕೊನೆಗೆ ‘ಇದು ಬಂಟ್ವಾಳದ ಅಬ್ದುಲ್ಲ ಬ್ಯಾರಿಯವರ ಲೆಕ್ಕ’ ಎಂದು ಮುದ್ರೆಯ ಹಾಗೆ ಬೀಳುತ್ತಿತ್ತು. ಅದನ್ನು ನೋಡಿದ ದಿನ ಬಾಪ ಮೂರು ಸಲ ಕನ್ನಡಕ ಒರೆಸಿಕೊಂಡರು.

ಅವಳು ಅದನ್ನು ಇಂಟರ್‌ನೆಟ್ಟಿಗೆ ಹಾಕಿದಳು. ಬರೀ ಪ್ರೋಗ್ರಾಂ ಅಲ್ಲ, ಅದರ ಒಳಗಿನ ಬರಹವನ್ನೂ ಮುಚ್ಚಿಡದೆ ಹಾಕಿದಳು. ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು.

“ಅಂದರೆ ನನ್ನ ತಲೆಯನ್ನು ಬಿಚ್ಚಿ ಮಾರ್ಗದ ಬದಿಯಲ್ಲಿ ಇಟ್ಟಿದ್ದಿ” ಎಂದರು ಬಾಪ.

“ಹೌದು ಬಾಪ.”

“ಯಾರಾದರೂ ಕದ್ದುಕೊಂಡು ಹೋದರೆ?”

“ಹೋದರೂ ನಿಮ್ಮಲ್ಲಿರುವುದು ನಿಮ್ಮಲ್ಲೇ ಇರ್ತದೆ. ಬಿರಿಯಾನಿಯ ಪರಿಮಳ ಆಚೆ ಮನೆಗೆ ಹೋದರೆ ನಮ್ಮ ಪಾತ್ರೆಯಲ್ಲಿ ಕಡಿಮೆ ಆಗ್ತದಾ?”

ಬಾಪ ಯೋಚಿಸಿದರು. “ಪರಿಮಳಕ್ಕೆ ಜನ ಬರ್ತಾರೆ ಮಗಳೇ” ಎಂದರು. “ಪಾತ್ರೆ ತೊಳೆಯುವಾಗ ಯಾರೂ ಇರುವುದಿಲ್ಲ.”

ಮಾತು ನಿಜವಾಯಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವುದು ನಮ್ಮ ಜನರ ಹಳೇ ಅಭ್ಯಾಸ. ಮೂರು ವರ್ಷದಲ್ಲಿ ‘ಕೊಪ್ಪರಿಗೆ ಬಳಗ’ ಎಂಬ ಇ-ಮೇಲ್ ಗುಂಪಿಗೆ ಆರುನೂರ ಹನ್ನೆರಡು ಜನ ಸೇರಿದರು. ಅಡುಗೆಯವರು, ಹಾಸ್ಟೆಲಿನವರು, ಗಲ್ಫಿನಲ್ಲಿ ಕೂತು ಊರಿನ ಮದುವೆ ನಡೆಸುವವರು. ಅವರಲ್ಲಿ ಕೈ ಹಾಕಿ ಕೆಲಸ ಮಾಡಿದವರು ಎಷ್ಟು ಎಂದರೆ ಸೊನ್ನೆ. ಬಾಯಿ ಹಾಕಿದವರಿಗೆ ಮಾತ್ರ ಬರಗಾಲವಿರಲಿಲ್ಲ. ಮೂಡುಬಿದಿರೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ನಿಝಾಮ್ ಎಂಬಾತ ಉಪ್ಪಿನಕಾಯಿಗೆ ಬೇರೆ ಕಾಲಂ ಇಲ್ಲವೆಂದು ಹನ್ನೊಂದು ಪತ್ರ ಬರೆದ, ಹನ್ನೊಂದಕ್ಕೂ ಶೀರ್ಷಿಕೆ ‘ತುರ್ತು!!!’ ಉಜಿರೆಯ ಹಾಸ್ಟೆಲೊಂದರ ವಾರ್ಡನ್ ಸರಸ ಎಂಬವರು, ಚಿತ್ರದಲ್ಲಿರುವ ಕೊಪ್ಪರಿಗೆ ಓರೆಯಾಗಿದೆ, ನೋಡಿದರೆ ಹೊಟ್ಟೆ ತೊಳಸುತ್ತದೆ ಎಂದರು. ದಾನ ಕೊಟ್ಟ ಆಕಳ ಹಲ್ಲು ಹಿಡಿದು ನೋಡಿದ್ದು ಸಾಲದೆ, ಬಾಲಕ್ಕೆ ಬಣ್ಣ ಬಳಿದು ಕೊಡಿ ಎನ್ನುವವರು ಇವರು.

ಮುರ್ಶಿದಾ ದಿನಾ ಸಂಜೆ ಕ್ಲಾಸು ಮುಗಿಸಿ ಈ ಪತ್ರಗಳಿಗೆ ಉತ್ತರ ಬರೆದು ಬರೆದು ಸೋತಳು. ಎರಡು ಸಾವಿರದ ಐದರ ಏಪ್ರಿಲಿನಲ್ಲಿ ಬಳಗಕ್ಕೆ ಒಂದು ಪತ್ರ ಹಾಕಿದಳು. ‘ನನಗೆ ಹೊಗಳಿಕೆ ಬೇಡ. ಒಳಗಿನ ಬರಹವನ್ನು ಬಿಚ್ಚಿ ನೋಡಿ ಒಂದು ಸಾಲು ತಿದ್ದುವ ಒಬ್ಬ ಮನುಷ್ಯ ಬೇಕು. ತಿಂಗಳ ಕೊನೆಯೊಳಗೆ ಬಾರದಿದ್ದರೆ ಕೊಪ್ಪರಿಗೆಯನ್ನು ಕವುಚಿ ಹಾಕ್ತೇನೆ.’ ಬರೆಯುವಾಗ ಅವಳಿಗೆ ನಿಜವಾಗಿಯೂ ಅಳು ಬಂದಿತ್ತು. ಕವುಚಿ ಹಾಕುವುದು ಬಾಪನ ನಲವತ್ತು ವರ್ಷವನ್ನೇ ಅಲ್ಲವೇ?

ಆರುನೂರ ಹನ್ನೊಂದು ಜನ ಸುಮ್ಮನಿದ್ದರು. ಒಬ್ಬ ಎದ್ದ. ಹೆಸರು ಅಸ್ಕರ್, ಇಪ್ಪತ್ತನಾಲ್ಕು ವರ್ಷ, ಊರು ಮಾಣಿ, ಕೆಲಸ ದಮ್ಮಾಮಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ‘ಮೇಡಂ, ಒಳಗೆ ಒಂದು ದೊಡ್ಡ ತಪ್ಪಿತ್ತು. ತಿದ್ದಿ ಕಳಿಸಿದ್ದೇನೆ’ ಎಂದು ಬರೆದಿದ್ದ.

ಮೂರು ವರ್ಷದಲ್ಲಿ ಮೊದಲ ಸಹಾಯ! ಮುರ್ಶಿದಾ ಕುಣಿದಾಡಿದಳು. ಆ ಸಂತೋಷದಲ್ಲಿ ಅವನು ಏನು ತಿದ್ದಿದ್ದಾನೆಂದು ಓದಲೇ ಇಲ್ಲ. ಹಾಗೆಯೇ ಎತ್ತಿ ಬಳಗಕ್ಕೆ ಬಡಿಸಿದಳು.

ಅಸ್ಕರ್ ತಿದ್ದಿದ್ದು ಏನೆಂದು ಈಗ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಗೆ ಒಂದು ಮನೆಯನ್ನು ಒಂದು ಸಲ ಕರೆದರೆ ಆಗುವುದಿಲ್ಲ. ಗಂಡಸರು ಹೋಗಿ ಯಜಮಾನನಿಗೆ ಹೇಳಬೇಕು. ಹೆಂಗಸರು ಹೋಗಿ ಅಡುಗೆಮನೆಯವರಿಗೆ ಬೇರೆ ಹೇಳಬೇಕು. ಅದೇ ಮನೆಯ ಮದುವೆಯಾದ ಮಗನ ಹೆಸರಿಗೆ ಬೇರೆಯೇ ಕಾಗದ ಹೋಗಬೇಕು. ಒಂದು ತಪ್ಪಿದರೂ ಮುನಿಸು, ಆ ಮುನಿಸು ಮುಂದಿನ ಮದುವೆಯವರೆಗೆ. ಹೀಗೆ ಮೂರು ಹೇಳಿಕೆ ಹೋದರೂ ಉಣ್ಣುವುದು ಒಂದೇ ಮನೆ. ಮದುವೆಯ ಯಜಮಾನರು ಮಾತ್ರ ‘ಒಂಬೈನೂರು ಹೇಳಿಕೆ!’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅಬ್ದುಲ್ಲ ಬ್ಯಾರಿಗಳು ಗಂಭೀರವಾಗಿ ತಲೆಯಾಡಿಸಿ, ಮನಸ್ಸಿನಲ್ಲೇ ಮೂರರಿಂದ ಭಾಗಿಸುತ್ತಿದ್ದರು. ಪ್ರೋಗ್ರಾಮಿನಲ್ಲೂ ಮೂರರಿಂದ ಭಾಗಿಸುವ ಒಂದು ಸಾಲಿತ್ತು. ಯಾಕೆ ಎಂದು ಅದರ ಪಕ್ಕದಲ್ಲಿ ಎರಡು ಮಾತು ಬರೆದಿಡಬೇಕಿತ್ತು. ಮುರ್ಶಿದಾ ಬರೆದಿರಲಿಲ್ಲ. ಇದು ಗೊತ್ತಿಲ್ಲದವರು ಊರಲ್ಲಿ ಯಾರಿದ್ದಾರೆ ಎಂದು ಅವಳ ಧೈರ್ಯ.

ಅಸ್ಕರ್ ಇದ್ದ. ಒಂದು ಹೇಳಿಕೆಗೂ ಕಾಲು ಸವೆಸದೆ ದಮ್ಮಾಮ್ ಸೇರಿದ ಹುಡುಗ. ಸುಮ್ಮಸುಮ್ಮನೆ ಮೂರರಿಂದ ಭಾಗಿಸುವುದು ಅವನಿಗೆ ಶುದ್ಧ ಪೆದ್ದತನವಾಗಿ ಕಂಡಿತು. ಆ ಸಾಲನ್ನು ಕಿತ್ತು ಬಿಸಾಡಿದ.

ಮೇ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಏಳಕ್ಕೆ, ಮನೆಯ ಫೋನು ಬಡಿದುಕೊಂಡಿತು. ಬೆಳ್ತಂಗಡಿಯ ಡೊಂಬಯ್ಯ. ಅವರೂ ಮದುವೆಯ ಅಡುಗೆಯವರು, ಸೈಬರಿಗೆ ಹೋಗಿ ಕೊಪ್ಪರಿಗೆಯ ಚೀಟಿ ತೆಗೆಸಿಕೊಳ್ಳದೆ ಒಲೆ ಹಚ್ಚುವವರಲ್ಲ. ಈಗ ವೇಣೂರಿನ ಒಂದು ಮದುವೆಯ ಹಾಲಿನಿಂದ ಮಾತಾಡುತ್ತಿದ್ದರು.

“ಟೀಚರೇ, ಇಲ್ಲಿ ಹನ್ನೆರಡು ಕೊಪ್ಪರಿಗೆ ಕಡ್ಲೆಬೇಳೆ ಪಾಯಸ ಉಂಟು.”

“ಒಳ್ಳೇದಾಯ್ತಲ್ಲ ಡೊಂಬಯ್ಯಣ್ಣ.”

“ಎಂತ ಒಳ್ಳೇದು ಮಾರಾಯ್ತಿ! ಮದುಮಗಳ ಅಪ್ಪ ಈಗ ಬಂದು ನೋಡಿ ಅಲ್ಲೇ ಕೂತುಬಿಟ್ಟಿದ್ದಾರೆ. ಜನ ಹೆಚ್ಚೆಂದರೆ ಸಾವಿರದ ಇನ್ನೂರು ಅಂತೆ. ಚೀಟಿ ಮೂರು ಸಾವಿರದ ಆರುನೂರಕ್ಕೆ ಕೊಟ್ಟಿದೆ!”

“ನಲವತ್ತು ಮದುವೆ ಮಾಡಿದವರು ನೀವು. ಬೇಳೆ ನೆನೆಹಾಕುವಾಗ ಜಾಸ್ತಿ ಅನ್ನಿಸಲಿಲ್ವಾ?”

“ಅನ್ನಿಸಿತು. ಆದರೆ ಕೆಳಗೆ ಅಬ್ದುಲ್ಲ ಬ್ಯಾರಿಯವರ ಲೆಕ್ಕ ಅಂತ ಉಂಟಲ್ಲ. ಅದರ ಮೇಲೆ ನಾನೆಂತ ಮಾತಾಡುವುದು?”

ಮೂರು ಪಟ್ಟು ಎಂದಾಗಲೇ ಮುರ್ಶಿದಾಳಿಗೆ ಮೂರರಿಂದ ಭಾಗಿಸುವ ಸಾಲು ಹೋದದ್ದು ಗೊತ್ತಾಯಿತು. ನಲವತ್ತು ವರ್ಷ ಕೆಡದ ಹೆಸರನ್ನು ತಾನು ಓದದೆ ಬಿಟ್ಟ ಒಂದು ಸಾಲು ಒಂದೇ ಬೆಳಗ್ಗೆ ಕೆಡಿಸಿತ್ತು. ಬಾಪನ ಎದುರು ನಿಂತು ಎಲ್ಲ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಬೈಗುಳಕ್ಕೆ ಕಾದಳು.

ಬಾಪ ಚಾ ಲೋಟ ಕೆಳಗಿಟ್ಟರು. “ಇನ್ನು ಎರಡು ಸಾವಿರದ ನಾನ್ನೂರು ಹೊಟ್ಟೆ ಬೇಕು. ನಿನ್ನ ಬಳಗದಲ್ಲಿ ಎಷ್ಟು ಜನ?”

“ಆರುನೂರ ಹನ್ನೆರಡು. ಆದರೆ ಅವರು ಯಾವುದಕ್ಕೂ ಬರುವುದಿಲ್ಲ ಬಾಪ.”

“ಕೆಲಸಕ್ಕೆ ಬರುವುದಿಲ್ಲ. ಊಟಕ್ಕೆ ಹೇಳಿ ನೋಡು. ಪುಕ್ಕಟೆ ಊಟಕ್ಕೆ ಒಂದು ಹೇಳಿಕೆಗೆ ನಾಲ್ಕು ಜನ. ಇದು ಒಂದೇ ಸಲ ಹೋಗುವ ಹೇಳಿಕೆ, ಆದ್ದರಿಂದ ಭಾಗಿಸುವ ಕೆಲಸ ಇಲ್ಲ.”

“ಅರ್ಧ ಜನ ಗಲ್ಫಿನಲ್ಲಿದ್ದಾರೆ!”

“ಅವರ ಮನೆಯವರು ಇಲ್ಲೇ ಇದ್ದಾರಲ್ಲ” ಎಂದು ಬಾಪ ಅಂಗಿ ಹಾಕಿಕೊಂಡರು.

ಮದುಮಗಳ ಅಪ್ಪನಿಗೆ ಫೋನಿನಲ್ಲೇ ಒಪ್ಪಿಗೆ ಕೇಳಿದಳು. ಅನ್ನ ಚೆಲ್ಲುವ ಪಾಪಕ್ಕಿಂತ ಮೂರು ಸಾವಿರ ಜನ ಉಂಡ ಮದುವೆ ಎಂಬ ಹೆಸರು ಅವರಿಗೂ ಬೇಕಿತ್ತು. ಎಂಟಕ್ಕೆ ಸೆಂಟರಿನ ಬಾಗಿಲು ತೆಗೆದು ಒಂದೇ ಸಾಲು ಬರೆದಳು: ‘ವೇಣೂರಿನಲ್ಲಿ ಇಂದು ಮಧ್ಯಾಹ್ನ ಬಳಗದವರಿಗೆ ಸಕುಟುಂಬ ಊಟ. ಚೀಟಿ ತಪ್ಪಿ ಪಾಯಸ ಮೂರು ಪಟ್ಟು ಉಂಟು.’ ಶೀರ್ಷಿಕೆ ನಿಝಾಮನದೇ ಮಾದರಿ: ‘ತುರ್ತು!!!’

ಮೂರು ವರ್ಷ ಕೆಲಸಕ್ಕೆ ಕೈ ಎತ್ತದ ಬಳಗ ಅರ್ಧ ಗಂಟೆಯಲ್ಲಿ ಜೇನುಗೂಡಿನ ಹಾಗೆ ಎದ್ದಿತು. ದಮ್ಮಾಮಿನವರು ಮಾಣಿಗೆ ಫೋನು ಮಾಡಿದರು, ಶಾರ್ಜಾದವರು ಮೂಡುಬಿದಿರೆಗೆ. ಉಜಿರೆಯ ಹಾಸ್ಟೆಲಿಗೆ ಸುದ್ದಿ ತಲುಪಿದ ಮೇಲೆ ಉಳಿದದ್ದನ್ನು ಬಸ್ಸಿನ ಕಂಡಕ್ಟರುಗಳೇ ನೋಡಿಕೊಂಡರು. ಬಾಪ ಮತ್ತು ಮಗಳು ವೇಣೂರಿನಲ್ಲಿ ಬಸ್ಸು ಇಳಿಯುವಾಗ ಹಾಲಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ನೆಂಟರ ಪಂಕ್ತಿಗಳು ಎದ್ದವು, ಬಳಗದವರು ಎಲೆಯ ಮುಂದೆ ಕೂತರು. ಅನ್ನ ಬಂತು, ಸಾಂಬಾರು ಬಂತು. ಡೊಂಬಯ್ಯ ಪಾಯಸದ ಬಕೆಟು ಹಿಡಿದು ಹೊರಟಾಗ ಬಾಪ ತಡೆದರು. “ಡೊಂಬಯ್ಯ, ಪಂಕ್ತಿಯಿಂದ ಯಾರಾದರೂ ಮಧ್ಯದಲ್ಲಿ ಏಳುವ ಕ್ರಮ ಉಂಟಾ?”

“ಎಲ್ಲಿಯಾದರೂ ಉಂಟಾ ಬ್ಯಾರಿಗಳೇ! ಎಲ್ಲರದೂ ಆದ ಮೇಲೆಯೇ ಏಳುವುದು.”

“ಹಾಗಾದರೆ ಇವರು ಸಿಕ್ಕಿಬಿದ್ದರು” ಎಂದು ಬಾಪ ಮಗಳ ಕೈಗೆ ಪುಸ್ತಕ, ಪೆನ್ನು ಕೊಟ್ಟರು. “ಒಂದು ಕೆಲಸ ಒಪ್ಪಿಕೊಂಡವನಿಗೆ ಒಂದು ಸೌಟು. ಇಲ್ಲದವನಿಗೆ ಪರಿಮಳ.”

ಮೊದಲ ಎಲೆಯಲ್ಲೇ ನಿಝಾಮ್ ಕೂತಿದ್ದ. “ನಾನು ಸಲಹೆ ಕೊಡ್ತೇನೆ” ಎಂದ.

ಡೊಂಬಯ್ಯ ಬಕೆಟನ್ನು ಮುಂದಿನ ಎಲೆಗೆ ಸರಿಸಿದರು. “ಸಲಹೆಗೆ ಪಾಯಸ ಇಲ್ಲ.”

“ಅಯ್ಯೋ, ನಿಲ್ಲಿ ಮಾರಾಯ್ರೆ! ಉಪ್ಪಿನಕಾಯಿಯ ಕಾಲಂ ನಾನೇ ಮಾಡ್ತೇನೆ. ಕಲಿತು ಮಾಡ್ತೇನೆ.”

ಮುರ್ಶಿದಾ ಬರೆದುಕೊಂಡಳು. ಸೌಟು ಬಿತ್ತು. ಸರಸ ವಾರ್ಡನ್ ಕೇಳುವ ಮೊದಲೇ ಎಲೆ ಮುಂದೆ ತಳ್ಳಿ, “ಹೊಸತು ಏನು ಬಂದರೂ ಬಳಗಕ್ಕೆ ಕೊಡುವ ಮೊದಲು ನಮ್ಮ ಹಾಸ್ಟೆಲಿನಲ್ಲಿ ಮಾಡಿ ನೋಡ್ತೇವೆ” ಎಂದರು. “ಹೆಚ್ಚುಕಡಿಮೆ ಆದರೆ ನಮ್ಮ ಹುಡುಗಿಯರಿಗೆ ಅಭ್ಯಾಸ ಉಂಟು.” ಇಬ್ಬರು ಕಾಲೇಜು ಹುಡುಗಿಯರು ಪತ್ರಗಳಿಗೆ ಉತ್ತರ ಬರೆಯುವ ಕೆಲಸ ಹೊತ್ತುಕೊಂಡರು. ಓರೆಯಾದ ಕೊಪ್ಪರಿಗೆಯ ಚಿತ್ರ ನೆಟ್ಟಗಾಗಿಸಲು ಒಬ್ಬ ಬೋರ್ಡ್ ಬರೆಯುವವ ಸಿಕ್ಕಿದ.

ಪಂಕ್ತಿಯ ಕೊನೆಗೆ ಮಾಣಿಯಿಂದ ಬಂದ ಅಸ್ಕರನ ಉಮ್ಮ. “ನಿಮ್ಮ ಮಗನಿಗೆ ಏನು ಬರ್ತದೆ ಉಮ್ಮ?” ಎಂದಳು ಮುರ್ಶಿದಾ, ಸ್ವಲ್ಪ ಕಹಿಯಾಗಿಯೇ.

“ಅವನಿಗೆ ಕುಡಿದ ಲೋಟ ತೊಳೆಯಲೂ ಬರುವುದಿಲ್ಲ” ಎಂದರು ಆಕೆ. “ಆದರೆ ಇವತ್ತು ಫೋನಿನಲ್ಲಿ ಅತ್ತಿದ್ದಾನೆ. ಮೂರು ಹೇಳಿಕೆ ಎಂದರೆ ಏನು ಅಂತ ನಾನು ಒಂದು ಗಂಟೆ ಪಾಠ ಮಾಡಿದೆ.”

ಡೊಂಬಯ್ಯ ಮುರ್ಶಿದಾಳ ಮುಖ ನೋಡಿದರು. ಅವಳಿಗೆ ತನ್ನದೇ ನೆನಪಾಯಿತು. ಅವನು ಸಾಲು ಕಿತ್ತ, ನಿಜ. ಆದರೆ ಆರುನೂರ ಹನ್ನೆರಡು ಜನರಲ್ಲಿ ಕೊಪ್ಪರಿಗೆಯ ಒಳಗೆ ಇಣುಕಿದವನೂ ಅವನೊಬ್ಬನೇ. ಓದದೆ ಬಡಿಸಿದವಳು ತಾನು. “ಎರಡು ಸೌಟು ಹಾಕಿ” ಎಂದಳು.

ಸಂಜೆ ನಾಲ್ಕಕ್ಕೆ ಹನ್ನೆರಡನೆಯ ಕೊಪ್ಪರಿಗೆಯ ತಳ ಕಂಡಿತು. ಬಾಪನಿಗೆ ಕೊನೆಯ ಅರ್ಧ ಲೋಟ ಸಿಕ್ಕಿತು. ಕಡಿಮೆಯೂ ಬೀಳಲಿಲ್ಲ, ಉಳಿಯಲೂ ಇಲ್ಲ.

ಮರುದಿನ ಮುರ್ಶಿದಾ ಪಾಠದ ನಡುವೆ ಬಿಡುವು ಮಾಡಿಕೊಂಡು, ಕಿತ್ತ ಸಾಲನ್ನು ಹಿಂದಕ್ಕೆ ಹಾಕಬೇಕೆಂದು ಕೊಪ್ಪರಿಗೆಯನ್ನು ಬಿಚ್ಚಿದಳು. ಬೆಳಗ್ಗೆಯೇ ಬಳಗದಿಂದ ತಿದ್ದಿದ ಪ್ರತಿ ಬಂದು ಕೂತಿತ್ತು, ಸಾಲು ಆಗಲೇ ಅಲ್ಲಿತ್ತು. ಅದರ ಪಕ್ಕದಲ್ಲಿ ಹೀಗೆ ಬರೆದಿತ್ತು:

‘ಒಂದು ಮನೆಗೆ ಮೂರು ಹೇಳಿಕೆ. ಈ ಸಾಲನ್ನು ಮುಟ್ಟಬೇಡಿ. ನಾನು ಮುಟ್ಟಿದ್ದೆ. – ಅಸ್ಕರ್, ದಮ್ಮಾಮ್.’

ಅದರ ಕೆಳಗೆ: ‘ಓದಿ ನೋಡಿದ್ದೇನೆ, ಸರಿ ಉಂಟು. – ನಿಝಾಮ್.’ ಅದರ ಕೆಳಗೆ: ‘ಇನ್ನೂರು ಹುಡುಗಿಯರಿಗೆ ಬೇಯಿಸಿ ನೋಡಿದ್ದೇವೆ, ಸರಿ ಉಂಟು. – ಸರಸ.’

ಮುರ್ಶಿದಾ ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ಈ ಸಲ ಒಂದಕ್ಷರವನ್ನೂ ಬಿಡಲಿಲ್ಲ. ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಮನೆಗೆ ಬಂದು ಬಾಪನಿಗೆ ಹೇಳಿದಳು.

“ಹಾಗಾದರೆ ಪಾತ್ರೆ ತೊಳೆಯಲು ಜನ ಸಿಕ್ಕಿದರು” ಎಂದು ಬಾಪ ನಕ್ಕರು. ಅವಳೂ ನಕ್ಕಳು, ನಗುತ್ತಾ ನಗುತ್ತಾ ಅತ್ತಳು, ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಸಂಜೆ ಹೊತ್ತಿಗೆ ಬಾಪನ ಜೊತೆ ಕೂತು ಚಾ ಕುಡಿದಳು.